ತಾಟು ತೊಳೆದ ನೀರು

ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತು ದಾನೇಶ್ವರಿ ತಾಟನ್ನು ತುಟಿಗೆ ಹಿಡಿದಿದ್ದಳು. ಇನ್ನೊಂದೇ ಗುಟುಕು ಉಳಿದಿತ್ತು. ಅಷ್ಟರಲ್ಲಿ ಹಿಂದೆ ಗಂಡನ ಹೆಜ್ಜೆಯ ಸಪ್ಪಳ...

ತಾಟನ್ನು ಡಿಶ್‌ವಾಷರಿನೊಳಗೆ ತುರುಕಿ, ಬಾಗಿಲು ದಬಕ್ಕನೆ ಮುಚ್ಚಿ, ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿದಳು.

ಶಿವಪ್ರಕಾಶ ಬಾಗಿಲಲ್ಲೇ ನಿಂತಿದ್ದ. ನೋಡಿದನೋ ಇಲ್ಲವೋ, ಆ ಮುಖದಿಂದ ಏನೂ ತಿಳಿಯಲಿಲ್ಲ.

“ಇವತ್ತರ ಮಶೀನ್ಯಾಗ ನೀರು ಕಾಯಾಕತ್ತೈತೇನ?” ಎಂದ.

“ಗೊತ್ತಿಲ್ರಿ...”

ಸೀರೆಗೆ ಕಸೂತಿ ಹಾಕುವ ಇಳಕಲ್ಲಿನ ಹುಡುಗಿ ಮದುವೆಯಾಗಿ ಬಾಗಲಕೋಟೆಯ ನವನಗರಕ್ಕೆ ಬಂದು ಕೆಲವು ತಿಂಗಳಾದರೂ ಗಂಡ-ಹೆಂಡಿರ ಮಾತು ಇಷ್ಟರಲ್ಲೇ ಇತ್ತು. ಊಟ ಆಯಿತೇ, ನೀರು ಬಂತೇ, ಮಶೀನು ಸರಿಹೋಯಿತೇ.

ಅವಳು ಕದ್ದು ಕುಡಿಯುತ್ತಿದ್ದದ್ದು ಏನೆಂದು ನೀವು ಏನೇನೋ ಊಹಿಸಬೇಡಿ. ಅದು ತಾನು ಉಂಡ ತಾಟು ತೊಳೆದ ನೀರು. ಉಂಡದ್ದು ಪ್ರಸಾದ, ಒಂದು ಅಗುಳೂ ಮೋರಿಗೆ ಹೋಗಬಾರದು, ತಾಟಿಗೆ ನೀರು ಹಾಕಿ ಬೆರಳಾಡಿಸಿ ಕುಡಿದೇ ಏಳಬೇಕು ಎಂದು ಅಜ್ಜಿ ಗುರುಲಿಂಗವ್ವ ಕಲಿಸಿದ್ದಳು. ತವರಿನಲ್ಲಿ ಎಲ್ಲರೂ ಹಾಗೇ. ಆ ನೀರು ಕುಡಿಯದಿದ್ದರೆ ದಾನೇಶ್ವರಿಗೆ ಊಟ ಮುಗಿದಂತೆಯೇ ಆಗುತ್ತಿರಲಿಲ್ಲ.

ಮತ್ತೆ ಕದ್ದು ಕುಡಿಯುವುದೇಕೆ? ಅದಕ್ಕೂ ಕಾರಣವಿತ್ತು.

ಮದುವೆಯಾದ ಹೊಸತರಲ್ಲಿ ಶಿವಪ್ರಕಾಶನ ಆಫೀಸಿನ ಹಿರಿಯ ಎಂಜಿನಿಯರ್ ವಿಜಯಮಹಾಂತೇಶ ಇಬ್ಬರನ್ನೂ ಊಟಕ್ಕೆ ಕರೆದಿದ್ದರು. ಮೇಜಿನ ಸುತ್ತ ಹತ್ತಾರು ಜನ. ಉಂಡಾದ ಮೇಲೆ ದಾನೇಶ್ವರಿ ರೂಢಿಯಂತೆ ತಾಟಿಗೆ ನೀರು ಹಾಕಿ, ಎತ್ತಿ ಕುಡಿದುಬಿಟ್ಟಳು. ತಾಟು ಕೆಳಗಿಟ್ಟಾಗ ಎಲ್ಲರ ಕಣ್ಣೂ ಅವಳ ಮೇಲೇ ಇತ್ತು.

“ಏನವಾ, ನಮ್ಮನ್ಯಾಗ ಕುಡಿಯಾಕ ಬ್ಯಾರೆ ನೀರು ಇಲ್ಲೇನ?” ಎಂದು ಮನೆಯೊಡತಿ ಲಲಿತಾ ನಕ್ಕರು. ಮೇಜೆಲ್ಲ ನಕ್ಕಿತು.

ಅವಳು ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಬೈಕಿನಲ್ಲಿ ಮನೆಗೆ ಬರುವಾಗ ಒಂದು ಮಾತೂ ಆಡಲಿಲ್ಲ.

ಮುಂದಿನ ವಾರವೇ ಪಾತ್ರೆ ತೊಳೆಯುವ ಈ ಮಶೀನು ಬಂತು. ಅದನ್ನು ಕೂಡಿಸಿದ ದಿನ ಅವನು ಹೇಳಿದ್ದು ಒಂದೇ ಮಾತು. “ಇನ್ನ ಮ್ಯಾಲೆ ನೀ ತಾಟಿಗೆ ಕೈ ಹಚ್ಚಬ್ಯಾಡ.”

*ಓಹೋ... ನಾಚಿಕೆಗೇಡಿ ಹೆಂಡತಿಗೆ ಇದು ಪಾಠ!*

ಅಂದಿನಿಂದ ಅವಳು ಅವನೆದುರು ಕುಡಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಅವಸರದಲ್ಲಿ, ಕಳ್ಳಿಯಂತೆ ಕುಡಿದಳು. ಉಳಿದ ಪಾತ್ರೆಗಳನ್ನೂ ಬರಿ ನೀರಿನಲ್ಲಿ ತೊಳೆದು, ಆ ನೀರನ್ನು ಹಿತ್ತಲಿನ ಕರಿಬೇವಿಗೆ ಹಾಕಿ, ಆಮೇಲೆ ಮಶೀನಿಗೆ ಇಡುತ್ತಿದ್ದಳು. ಹಾಗೆ ಮಾಡುವಾಗಲೆಲ್ಲ ತನ್ನ ಬಗ್ಗೆ ತನಗೇ ಅಸಹ್ಯವಾಗುತ್ತಿತ್ತು.

ಇತ್ತ ಮಶೀನು ಬಂದಂದಿನಿಂದ ನೀರು ಕಾಯಿಸಲೇ ಇಲ್ಲ. ಪಾತ್ರೆಗಳು ತಣ್ಣಗೆ ಹೊರಬರುತ್ತಿದ್ದವು. ಎಣ್ಣೆಗಾಯಿಯ ಬೋಗುಣಿಯಲ್ಲಿ ಜಿಡ್ಡು ಹಾಗೇ ಇರುತ್ತಿತ್ತು. ಶಿವಪ್ರಕಾಶ ಎಂಜಿನಿಯರ್ ಅಲ್ಲವೇ, ಹಠ ಹಿಡಿದ. ನಲ್ಲಿ ನೋಡಿದ, ಪೈಪು ಬಿಚ್ಚಿದ, ಪ್ಲಗ್ ಬದಲಿಸಿದ, ಜಾಲರಿ ತೊಳೆದ. ಉಪಯೋಗವಾಗಲಿಲ್ಲ. ಐತವಾರ ವಿಜಯಮಹಾಂತೇಶ ದಂಪತಿ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಸರಿಯಾಗಲೇಬೇಕೆಂದು ಅಂಗಡಿಗೆ ಫೋನು ಮಾಡಿದ.

ಶನಿವಾರ ಅಂಗಡಿಯಿಂದ ರಿಪೇರಿಯ ಹುಡುಗ ಬಬ್ಲು ಬಂದ. ಮೀಟರು ಹಚ್ಚಿ ನೋಡಿ, ಹೀಟರು ಚೆನ್ನಾಗಿದೆ ಎಂದ. ಆಮೇಲೆ ಜಾಲರಿ ತೆಗೆದು ಬೆಳಕಿಗೆ ಹಿಡಿದ.

“ಸಾಹೇಬ್ರ, ಒಂದು ಅನ್ನದ ಅಗಳೂ ಇಲ್ಲಲ್ರಿ. ನೀವು ಉಂಡ ತಾಟು ಇಡ್ತೀರೋ, ಉಣ್ಣಾರದ ತಾಟು ಇಡ್ತೀರೋ?”

ಶಿವಪ್ರಕಾಶನಿಗೆ ತಿಳಿಯಲಿಲ್ಲ. ಬಬ್ಲು ಬಿಡಿಸಿ ಹೇಳಿದ. ಇವರು ಒತ್ತುತ್ತಿದ್ದದ್ದು ಆಟೋ ಬಟನ್. ಅದರಲ್ಲಿ ಮಶೀನು ಮೊದಲು ನೀರಿನ ಕೊಳೆ ನೋಡುತ್ತದೆ. ನೀರು ತಿಳಿಯಾಗಿದ್ದರೆ ಪಾತ್ರೆ ಸ್ವಚ್ಛವಿದೆ ಎಂದುಕೊಂಡು ಹೆಚ್ಚು ಕಾಯಿಸದೆ ಮುಗಿಸಿಬಿಡುತ್ತದೆ. ಜಿಡ್ಡು ಅದಕ್ಕೆ ತಿಳಿಯುವುದಿಲ್ಲ. ಯಾರೋ ಮೊದಲೇ ತೊಳೆದು ಇಡುತ್ತಿದ್ದಾರೆ.

“ಯಾರು ತೊಳಿತಾರ?” ಎಂದ ಶಿವಪ್ರಕಾಶ. ಹಾಗೆನ್ನುತ್ತಲೇ ಹೆಂಡತಿಯ ಕಡೆ ತಿರುಗಿದ.

ದಾನೇಶ್ವರಿಗೆ ಭೂಮಿ ಬಾಯಿ ಬಿಟ್ಟರೆ ಒಳಗಿಳಿದುಬಿಡಬೇಕೆನಿಸಿತು. ಗಂಡ ಅಂದಿನಂತೆಯೇ ತಲೆ ತಗ್ಗಿಸಿದ.

*ಅಂದರೆ ಖರೆ. ನನ್ನಿಂದ ಇವರಿಗೆ ತಲೆ ಎತ್ತಲು ಆಗುತ್ತಿಲ್ಲ... ನಾಳೆ ನನ್ನ ತಾಟು ಹಾಗೇ ಬಿಡುತ್ತೇನೆ. ಇವರಿಗೆ ಮತ್ತೆ ಅವಮಾನ ಮಾಡುವುದಿಲ್ಲ.*

ಐತವಾರ ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ, ಶೇಂಗಾ ಹೋಳಿಗೆ, ಅನ್ನ, ಸಾರು. ನಾಲ್ವರೂ ಕೂಡಿ ಕುಳಿತು ಉಂಡರು. ಎಲ್ಲರ ಊಟ ಮುಗಿಯಿತು. ದಾನೇಶ್ವರಿಯ ತಾಟಿನಲ್ಲಿ ಅನ್ನದ ಅಗುಳು ಹಾಗೇ ಇತ್ತು. ನೀರಿನ ಗ್ಲಾಸು ಎದುರಿಗೇ ಇದ್ದರೂ ಅವಳು ಎರಡೂ ಕೈ ಮಡಿಲಲ್ಲಿ ಬಿಗಿಹಿಡಿದು ಕುಳಿತಳು.

“ಯಾಕವಾ, ಇವತ್ತು ತಾಟಿನ ನೀರು ಕುಡಿಯಂಗಿಲ್ಲೇನ?” ಲಲಿತಾ ಚೇಷ್ಟೆ ಮಾಡಿದರು.

ಅವಳ ಕಣ್ಣು ತುಂಬಿತು. ತಲೆ ಎತ್ತಲಿಲ್ಲ.

ಆಗ ನೀರು ಸುರಿದ ಸಪ್ಪಳ ಕೇಳಿತು.

ಶಿವಪ್ರಕಾಶ ತನ್ನ ತಾಟಿಗೆ ನೀರು ಹಾಕುತ್ತಿದ್ದ. ಬೆರಳಾಡಿಸಿದ. ಚಟ್ನಿಪುಡಿಯ ಕೆಂಪು ನೀರನ್ನು ಎಲ್ಲರ ಎದುರಿಗೆ ಎತ್ತಿ, ಒಂದು ಹನಿ ಬಿಡದೆ ಕುಡಿದ. ಲಲಿತಾರ ನಗು ಅಲ್ಲಿಗೇ ನಿಂತಿತು.

“ನಮ್ಮನಿ ಪದ್ಧತಿ ಐತ್ರಿ ವೈನಿ,” ಎಂದ. “ಅವತ್ತು ನಿಮ್ಮನ್ಯಾಗ ನಾನೂ ಕುಡಿಬೇಕಾಗಿತ್ತು. ಇಕಿ ಒಬ್ಬಾಕಿನ್ನ ನಗಿಗೆ ಬಿಟ್ಟು ಸುಮ್ಮನ ಕುಂತೆ.”

ಲಲಿತಾರ ಮುಖ ಸಪ್ಪಗಾಯಿತು. ವಿಜಯಮಹಾಂತೇಶ ತಮ್ಮ ಮುತ್ಯಾ ಕೂಡ ಹೀಗೇ ಕುಡಿಯುತ್ತಿದ್ದರೆಂದು ಮೆಲ್ಲಗೆ ನೆನೆದರು. ಹೋಗುವಾಗ ಲಲಿತಾ ದಾನೇಶ್ವರಿಯ ಕೈ ಹಿಡಿದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ತಂಗಿ, ನನ್ನದು ತಪ್ಪಾಯಿತು ಎಂದು ಹೇಳಿಯೇ ಹೋದರು.

ಅತಿಥಿಗಳು ಹೋದ ಮೇಲೆ ಅವನು ಅಡುಗೆಮನೆಗೆ ಬಂದ.

“ಹಾಸ್ಟೆಲ್‌ನಾಗ ಹುಡುಗರು ಎಂಜಲ ನೀರಿನವ ಅಂತ ಕಾಡಿದ್ರು. ನಾನೂ ತಾಟಿನ ನೀರು ಕುಡಿಯೂದು ಬಿಟ್ಟುಬಿಟ್ಟೆ. ನಮ್ಮವ್ವನ ಎದುರೂ ಬಿಟ್ಟೆ. ಅವತ್ತು ನೀ ಕುಡಿದಾಗ ಅವ್ವ ನೆನಪಾದ್ಲು. ಆದರ ಬಾಯೇ ಬರಲಿಲ್ಲ. ನನ್ನ ಹೇಡಿತನಕ್ಕ ನಂಗ ನಾಚಿಕಿ ಆಗಿತ್ತು.”

“ಮತ್ತ... ತಾಟಿಗೆ ಕೈ ಹಚ್ಚಬ್ಯಾಡ ಅಂದ್ರಿ?”

ಅವನು ಅವಳ ಬಲಗೈ ತೆಗೆದುಕೊಂಡು ಬೆರಳ ತುದಿ ಸವರಿದ. ಹಿಂದೆ ಸೋಪಿಗೆ ಒಡೆದ ಗುರುತು ಅಲ್ಲಿ ಇನ್ನೂ ಇತ್ತು.

“ನೀ ಕಸೂತಿಗೆ ಕುಂತಾಗ ಇವಕ್ಕ ರೇಷ್ಮಿ ಎಳಿ ಸಿಕ್ಕೊಂತಿತ್ತು. ನೀ ಸೂಜಿ ಕೆಳಗಿಟ್ಟು ಕುಂತಿದ್ದು ನೋಡಿದ್ದೆ. ಅದಕ್ಕ ತಂದೆ.”

ಅವಳು ಬಿಕ್ಕಿಬಿಕ್ಕಿ ಅತ್ತಳು. ಇಷ್ಟು ದಿನ ಗೋಡೆಯ ಕಡೆ ತಿರುಗಿ ನುಂಗಿದ್ದೆಲ್ಲ ಹೊರಬಂತು. “ಒಂದು ಮಾತು ಹೇಳಬಾರದೇನ್ರಿ...”

“ಹೇಳಾಕ ಬರೂದಿಲ್ಲ ನಂಗ. ಕಲೀತೇನಿ.”

“ನಾ ತೊಳಿಯೂದು ಬಿಡಂಗಿಲ್ರಿ. ಮಶೀನಿನ ನೀರು ಕಾಯಂಗಿಲ್ಲ ಮತ್ತ.”

“ಬ್ಯಾರೆ ಬಟನ್ ಐತಿ. ಅದನ್ನ ಒತ್ತೂಣು.”

ಅವನು ಹೊರಗೆ ಹೋಗಿ ಅವಳ ತಾಟನ್ನು ತಂದ. ಅಗುಳು ಹಾಗೇ ಅಂಟಿತ್ತು. ಅದಕ್ಕೆ ನೀರು ಹಾಕಿ ಅವಳ ಕೈಗಿಟ್ಟ.

“ನಿಂದು ಉಳದೈತಿ.”

ರೂಢಿಯಾಗಿತ್ತಲ್ಲ, ತಾಟು ಹಿಡಿದು ಅವಳು ಗೋಡೆಯ ಕಡೆ ತಿರುಗಿದಳು.

“ಆ ಕಡೆ ಯಾಕ?” ಎಂದ ಅವನು ಮೆಲ್ಲಗೆ.

ದಾನೇಶ್ವರಿ ಅವನ ಕಡೆ ತಿರುಗಿದಳು. ಅವನ ಕಣ್ಣಲ್ಲಿ ಕಣ್ಣಿಟ್ಟು, ಬೆರಳಾಡಿಸಿ, ಅವಸರವಿಲ್ಲದೆ ಕೊನೆಯ ಗುಟುಕಿನವರೆಗೂ ಕುಡಿದಳು.

“ಈಗ ಊಟ ಆತ್ರಿ,” ಎಂದಳು.