ಸಿಡುಕಿಯ ತುತ್ತು

“ಈ ಕುದುರೆಯನ್ನ ಉಪವಾಸ ಕೆಡವಿದ್ದು ಯಾರು?”

ಲಾಯದ ಬಾಗಿಲಲ್ಲಿ ನಿಂತ ಅಪರಿಚಿತನ ಮೊದಲ ಮಾತೇ ಅದು. ಅವಳ ಮೈಯೆಲ್ಲ ಉರಿದುಹೋಯಿತು.

“ಕೇಳೋಕೆ ನೀವ್ಯಾರು?”

“ಡಾಕ್ಟರ್. ಹೋದ ವಾರ ಫೋನಲ್ಲಿ ಮಾತಾಡಿದ್ನಲ್ಲ...”

‘ಓಹೋ, ಆ ಮಹಾನುಭಾವ ಇವನೇನಾ?’

ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಅವಳು, ಇವನ ಮಾತು ನಂಬಿಕೊಂಡೇ ತನ್ನ ಕುದುರೆ ಸಿಡುಕಿಗೆ ಒಣಹುಲ್ಲು ಬಿಟ್ಟು ಬೇರೇನೂ ಹಾಕಿರಲಿಲ್ಲ. ಈಗ ಸಿಡುಕಿ ಹುಲ್ಲಿಗೂ ಮುಖ ತಿರುಗಿಸುತ್ತಿತ್ತು. ವಸಡು ಹಳದಿಗಟ್ಟಿ, ಪಕ್ಕೆಲುಬು ಎದ್ದು ಕಾಣುತ್ತಿತ್ತು.

“ಲಿವರ್ ಕೆಟ್ಟಿದೆ, ಕಾಳು ಮುಟ್ಟಿಸಬೇಡಿ ಅಂದೋರು ನೀವೇ.”

“ಕಾಳು ಅಂದ್ರೆ ಕಡಲೆ, ಬಟಾಣಿ... ಮೆಕ್ಕೆಜೋಳದ ನುಚ್ಚು ಕೊಡಬೇಕಿತ್ತಲ್ಲ? ಅದಿಲ್ಲದೆ ಇದಕ್ಕೆ ಶಕ್ತಿ ಎಲ್ಲಿಂದ ಬರಬೇಕು?”

“ನಮ್ಮಲ್ಲಿ ಜೋಳನೂ ಕಾಳೇ.”

ಅವನ ಮುಖ ಕೆಂಪಾಯಿತು. ಸ್ಟೆತಸ್ಕೋಪ್ ಹಾಕಿಕೊಂಡು ಸಿಡುಕಿಯ ಹೊಟ್ಟೆಯ ಬಳಿ ಬಗ್ಗಿದ.

ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಒಳಗೆ ಬಂದರು.

“ಹೇಳಿದ್ದನ್ನ ನೆಟ್ಟಗೆ ಕೇಳಿಸ್ಕೊಳ್ಳೋಕೂ ಬರಲ್ವಾ ನಿನಗೆ? ಇದು ನರಳೋದನ್ನ ನಾನು ನೋಡಲಾರೆ. ಈ ವಾರದೊಳಗೆ ತಿನ್ನದಿದ್ರೆ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ.”

ಅವಳು ಡಾಕ್ಟರನ್ನು ನೋಡಿದಳು. ಒಂದು ಮಾತು... ‘ನನ್ನದೂ ತಪ್ಪಿದೆ’ ಅನ್ನಬಾರದೇ? ಅವನು ತಲೆ ಎತ್ತಲೇ ಇಲ್ಲ.

‘ಹೇಡಿ!’

ಆದರೆ ಹೇಡಿ ದಿನವೂ ಬಂದು ಔಷಧ ಕೊಟ್ಟ. ಲಿವರ್‌ಗೆ ಭಾರವಾಗಬಾರದೆಂದು ರುಚಿಗೆ ಚೂರು ಸಿಹಿ ಕಾಕಂಬಿ ಬೆರೆಸಿದ ನುಚ್ಚನ್ನು ಸ್ವಲ್ಪಸ್ವಲ್ಪವೇ, ಮತ್ತೆಮತ್ತೆ ಬಾಯಿಗೆ ಹಿಡಿದ. ಲಿವರ್ ಕೆಟ್ಟಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆಂದು ಕಿಟಕಿಗೆ ಗೋಣಿತಾಟು ಕಟ್ಟಿದ. ಕಾಯಿಲೆಯ ಮಂಪರಿನಲ್ಲಿ ಸಿಡುಕಿ ತಲೆಯನ್ನು ಗೋಡೆಗೆ ಒತ್ತತೊಡಗಿದಾಗ ತನ್ನ ಭುಜವನ್ನೇ ನಡುವೆ ಕೊಟ್ಟು ನಿಂತ.

ಅವಳು ಅವನಿಗೆ ‘ಹೂಂ’, ‘ಊಹೂಂ’ ಬಿಟ್ಟು ಮೂರನೆಯ ಮಾತು ದಕ್ಕಿಸಲಿಲ್ಲ. ಆದರೂ ಅವನ ಸ್ಕೂಟರಿನ ಸದ್ದಿಗೆ ಕಿವಿ ನಿಮಿರುತ್ತಿದ್ದುದು ಕುದುರೆಯದಲ್ಲ, ಅವಳದೇ. ‘ಇಷ್ಟು ಒಳ್ಳೆಯವನು ಅವತ್ತು ಯಾಕೆ ಬಾಯಿ ಬಿಡಲಿಲ್ಲ?’ ಇಷ್ಟವಾಗಿದ್ದಕ್ಕೇ ನೋವು ಹೆಚ್ಚಾಗಿತ್ತು.

ವಾರ ಮುಗಿಯುತ್ತ ಬಂತು. ಸಿಡುಕಿ ಮೂಸುತ್ತಿತ್ತು, ತಿನ್ನುತ್ತಿರಲಿಲ್ಲ.

“ನಾಳೆ ಇಂಜೆಕ್ಷನ್,” ಅಂದುಬಿಟ್ಟರು ಅಪ್ಪ.

ಅವಳಿಗೆ ತಡೆಯಲಾಗಲಿಲ್ಲ. ಸಿಟ್ಟು ಹೊರಬಿದ್ದದ್ದು ಮಾತ್ರ ಡಾಕ್ಟರ ಮೇಲೆ.

“ಅವತ್ತು ಅಪ್ಪ ನನ್ನ ಬೈಯೋವಾಗ ನೀವು ತುಟಿಪಿಟಿಕ್ ಅನ್ನಲಿಲ್ಲ.”

“ಬೈದ್ರಾ? ಯಾವಾಗ?”

“ನೀವು ಸ್ಟೆತಸ್ಕೋಪ್ ಹಾಕ್ಕೊಂಡು...” ಹೇಳುತ್ತಿದ್ದಂತೆ ನಾಲಿಗೆ ಕಚ್ಚಿಕೊಂಡಳು.

“ಅದು ಕಿವೀಲಿದ್ದಾಗ ಇದರ ಕರುಳಿನ ಗುಡುಗುಡು ಬಿಟ್ಟು ಬೇರೇನೂ ಕೇಳಿಸಲ್ಲ ರೀ...” ಅವನ ಮುಖ ಕಳೆಗುಂದಿತು. “ಇಷ್ಟು ದಿನ ಅದನ್ನ ಒಬ್ಬರೇ ನುಂಗಿಕೊಂಡಿದ್ರಾ?”

ನುಚ್ಚಿನ ಬಕೆಟ್ಟು ಅವಳ ಕೈಗಿತ್ತು ನೇರ ಅಂಗಳದಲ್ಲಿದ್ದ ಅಪ್ಪನ ಬಳಿ ನಡೆದ. ಅವನ ಮಾತು ಒಳಗೆ ಕೇಳುತ್ತಿತ್ತು.

“ತಪ್ಪು ಅವರದಲ್ಲ ಸರ್. ನಾನು ಬಿಡಿಸಿ ಹೇಳಬೇಕಿತ್ತು. ಬೈಯೋದಿದ್ರೆ ನನ್ನ ಬೈಯಿರಿ. ಆದ್ರೆ ನಾಳೆ ಬೇಡ, ಇನ್ನೊಂಚೂರು ಟೈಮ್ ಕೊಡಿ.”

ಅವಳ ಕಣ್ಣು ಮಂಜಾಯಿತು. ನುಚ್ಚು ಹಿಡಿದ ಅಂಗೈ ಹಾಗೇ ಚಾಚಿಕೊಂಡಿತ್ತು. ಅದಕ್ಕೆ ಒದ್ದೆ ತುಟಿ ತಗುಲಿತು... ಔಷಧ ಕೈಹಿಡಿಯಿತೋ, ಸಿಡುಕಿಯ ಮುನಿಸೇ ಮುಗಿಯಿತೋ, ಅಂಗೈ ನೆಕ್ಕಿ ಖಾಲಿ ಮಾಡಿ ಬಕೆಟ್ಟಿಗೆ ಮೂತಿ ಹಾಕಿತು.

“ಅಪ್ಪಾ... ತಿಂತಿದೆ,” ಅವಳು ಕೂಗಿದಳು.

ಅಪ್ಪ ಓಡಿಬಂದರು. ಕುದುರೆಯನ್ನು ನೋಡಿದರು, ಆಮೇಲೆ ಮಗಳ ತಲೆ ಸವರಿದರು.

ವಸಡು ಮತ್ತೆ ಗುಲಾಬಿಗೆ ತಿರುಗಿದ ದಿನ ಡಾಕ್ಟರ್ ಬ್ಯಾಗು ಮುಚ್ಚಿದ.

“ಇನ್ಮೇಲೆ ನಾನು ತಿಂಗಳಿಗೊಂದ್ಸಲ ಬಂದ್ರೆ ಸಾಕು.”

“ಸಿಡುಕಿಗೆ ಸಾಕು...” ಅವಳು ಕಣ್ಣು ತಗ್ಗಿಸಿದಳು. “ನನಗೆ ಸಾಲಲ್ಲ.”

ಅವನು ಬ್ಯಾಗು ಕೆಳಗಿಟ್ಟ.

“ಹಾಗಾದ್ರೆ... ನಿಮ್ಮಪ್ಪನ ಹತ್ರ ಮಾತಾಡ್ಲಾ?”

“ಮೊದ್ಲು ನನ್ನ ಹತ್ರ ಮಾತಾಡಿ.”

“ನಿಮ್ಮನ್ನ ನೋಡದೆ ನನಗೂ ಇರೋಕಾಗಲ್ಲ. ಪ್ರೀತಿಸ್ತೀನಿ.”

ಅವಳು ಅವನ ಕೈ ಹಿಡಿದುಕೊಂಡಳು. “ಈಗ ಅಪ್ಪನ ಹತ್ರ ಹೋಗಿ.”

“ಕೈ ಬಿಟ್ರೆ ತಾನೇ ಹೋಗೋದು?”

“ಬಿಡಲ್ಲ. ಬೈದ್ರೆ ಇಬ್ರೂ ಬೈಸ್ಕೊಳ್ಳೋಣ, ಬನ್ನಿ.”