ನಲವತ್ತಮೂರು ಹೆಬ್ಬೆಟ್ಟು

ಬೀಡಿ ಕಟ್ಟಿಗೆ ಮೂವತ್ತು ರೂಪಾಯಿ. ಕಳ್ಳದಾರಿಯಲ್ಲಿ ಬರುವ ಇ-ಸಿಗರೇಟು ಪೆನ್ನಿಗೆ ಎರಡು ಸಾವಿರ. ಅದನ್ನು ಸಂಗ್ರಹಿಸಿಟ್ಟು ಸಿಕ್ಕಿಬಿದ್ದರೆ ಐವತ್ತು ಸಾವಿರದವರೆಗೆ ದಂಡ, ಇಲ್ಲವೇ ಆರು ತಿಂಗಳ ಜೈಲು. ನಸೀಬು ಕೆಟ್ಟಿದ್ದರೆ ಎರಡೂ.

ನನ್ನ ಕುತ್ತಿಗೆಗೆ ಒತ್ತಿದ್ದ ಚಾಕು ವಾಸ್ಕೋ ಬಜಾರಿನಲ್ಲಿ ನೂರಾ ಇಪ್ಪತ್ತಕ್ಕೆ ಸಿಗುತ್ತದೆ. ಮೀನು ಕೊಯ್ಯುವಂಥದ್ದು. ವಾಸನೆಯೂ ಇತ್ತು.

"ಸೋನಿಬಾಯಿ, ಅಲುಗಾಡಬ್ಯಾಡ್ರಿ," ಅಂದ ಬಾಳು. "ನನಗ ರಕ್ತ ಕಂಡ್ರ ತಲಿ ತಿರಗತೈತಿ."

"ಹಂಗಾರ ಚಾಕು ಯಾಕ ಹಿಡದೀಯೋ?"

"ನಿಮಗ ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲಲ್ಲ."

ಮಟಮಟ ಮಧ್ಯಾಹ್ನ. ಅವನ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಖೋಲಿ. ಮುಂದೆ ಮೊಬೈಲ್ ಕವರು ಮಾರುತ್ತಾನೆ, ಹಿಂದೆ ಪೆನ್ನು. ಮೇಜಿನ ಮೇಲೆ ಒಂದು ನೀಲಿ ಫೈಲು. ನಾನು ಬಂದದ್ದು ಅದಕ್ಕೇ.

ಆ ಫೈಲಿನಲ್ಲಿ ನಲವತ್ತಮೂರು ಮನೆಗಳ ಅನ್ನವಿತ್ತು.

ನನ್ನ ಕೆಲಸ ಏನು ಅಂತೀರಾ? ಗೋವಾದ ಈ ಮಂಗೋರ್ ಹಿಲ್‌ಗೆ ದುಡಿಯಲು ಬಂದ ನಮ್ಮ ಕನ್ನಡ ಮಂದಿಗೆ ಕೆಲಸ ಮಾಡಿಸಿಕೊಡುವುದು. ರೇಷನ್ ಕಾರ್ಡು, ಠಾಣೆಯ ತಕರಾರು, ಆಸ್ಪತ್ರೆಯಲ್ಲಿ ಹಾಸಿಗೆ... ಯಾವ ಬಾಗಿಲನ್ನು ಎಷ್ಟು ಮೆಲ್ಲಗೆ ತಟ್ಟಬೇಕು ಅನ್ನುವುದು ಗೊತ್ತು. ಶಾಲೆ ನಾಲ್ಕನೇ ಇಯತ್ತೆಗೇ ಮುಗಿದಿತ್ತು.

ಭರಮಪ್ಪ ಬಂದರಿನಲ್ಲಿ ಕಲ್ಲಿದ್ದಲು ಇಳಿಸುವವನು. ಇಪ್ಪತ್ತೆಂಟು ವರ್ಷ ಬೀಡಿ ಸೇದಿದ. ಕೆಮ್ಮಿದರೆ ತಗಡು ಎಳೆದ ಹಾಗೆ ಸದ್ದು. ಯಾವುದೋ ಹಡಗಿನ ಅಡುಗೆಯವನು ಅವನಿಗೊಂದು ಪೆನ್ನು ಕೊಟ್ಟು ಹೋದ. ಹನ್ನೊಂದು ತಿಂಗಳಾಗಿತ್ತು, ಭರಮಪ್ಪ ಬೀಡಿ ಮುಟ್ಟಿರಲಿಲ್ಲ. ಇದೂ ಔಷಧಿಯಲ್ಲ ಅಂದರು ಡಾಕ್ಟರು. ಔಷಧಿ ಅಂತ ಅವನೂ ಅಂದುಕೊಂಡಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು, ಅಷ್ಟೇ. ಅವನನ್ನು ನೋಡಿ ಇನ್ನೂ ನಲವತ್ತೆರಡು ಮಂದಿ ಬೀಡಿ ಬಿಟ್ಟರು.

ಇ-ಸಿಗರೇಟು ಬಂದ್ ಮಾಡಿದ ಕಾಯಿದೆಯ ಬಗ್ಗೆ ಜನರ ಮಾತು ಕೇಳಲು ಪಣಜಿಗೆ ದೊಡ್ಡ ಅಧಿಕಾರಿ ಬರುತ್ತಾರೆ ಅಂತ ಗೊತ್ತಾದಾಗ ಭರಮಪ್ಪ ನನ್ನ ಮನೆಗೆ ಬಂದ.

"ಅಕ್ಕಾ, ನಾವು ಭಾಳ ಏನೂ ಕೇಳಂಗಿಲ್ಲ. ತಪಾಸಣಿ ಮಾಡ್ರಿ. ತೆರಿಗಿ ಹಾಕ್ರಿ. ಸಣ್ಣ ಹುಡುಗರಿಗೆ ಕೊಡಬ್ಯಾಡ್ರಿ. ಪೂರಾ ಬಂದ್ ಮಾತ್ರ ಮಾಡಬ್ಯಾಡ್ರಿ. ಬೀಡಿ ಬಂದ್ ಇಲ್ಲ, ಇದಽ ಯಾಕ ಬಂದ್? ಇಷ್ಟ ಬರಸಬೇಕು."

ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಇಂಗ್ಲಿಷಿನಲ್ಲಿ. ಮೂರು ವಾರ ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿದ.

"ಆಧಾರ್ ಝೆರಾಕ್ಸ್ ಹಚ್ಚಲೇನ್ರಿ?"

"ಹಚ್ಚಲಿಲ್ಲಂದ್ರ ಕಸದ ಬುಟ್ಟಿಗಿ ಹೋಗತೈತಿ. ಒಬ್ಬೊಬ್ಬರ ಹಂತ್ಯಾಕ ಎಷ್ಟು ಪೆನ್, ಅದಕ್ಕ ತುಂಬೋ ಎಣ್ಣಿ ಎಷ್ಟು ಬಾಟ್ಲಿ ಐತಿ, ಅದನ್ನೂ ಬರಸು. ಖರೇ ಅನಸಬೇಕು."

ಹೇಳಿದವಳು ನಾನು. ಕಾಯಿದೆ ನನಗೆ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷದ ಕಚೇರಿ ರೂಢಿ ಅದಕ್ಕಿಂತ ಮುಂಚೆ ಬಾಯಿಗೆ ಬಂತು. ಸಭೆಯ ದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯಿಂದ ಬಾಳು ಫೈಲು ಎತ್ತಿಕೊಂಡು ಹೋದಾಗಲೇ ಅದು ಏನೆಂದು ನನಗೆ ಹೊಳೆದದ್ದು.

ಅದು ಅರ್ಜಿಯಲ್ಲ. ತಪ್ಪೊಪ್ಪಿಗೆ. ಹೆಸರು, ವಿಳಾಸ, ಫೋಟೊ ಸಮೇತ.

"ಮನಿಗೆ ತಿಂಗಳಾ ಎರಡು ಸಾವಿರ," ಅಂದ ಬಾಳು, ಕುತ್ತಿಗೆಯಿಂದ ಚಾಕು ತೆಗೆಯದೆ. "ಇಲ್ಲಾಂದ್ರ ಫೈಲ್ ಠಾಣೆಕ್ಕ. ಪೊಲೀಸ್ ಕೇಸ್ ಬಿತ್ತಂದ್ರ ಬಂದರದ ಗೇಟ್ ಪಾಸ್ ಹೋತು."

"ನೀನೂ ಇದನ್ನ ಮಾರಾಂವ. ಅವರು ಗೆದ್ರ ನಿನಗೂ ಚಲೋ ಅಲ್ಲೇನು?"

ಅವನು ನಕ್ಕ. "ಬಂದ್ ಐತಿ ಅಂತನ ಪೆನ್ನಿಗೆ ಎರಡು ಸಾವಿರ, ಬಾಯಿ. ಪರವಾನಗಿ ಸಿಕ್ರ ಎಲ್ಲಾ ಅಂಗಡ್ಯಾಗ ಐನೂರಕ್ಕ ಸಿಗತೈತಿ. ಆಮ್ಯಾಲ ನನ್ನ ಕೇಳಾವ್ರು ಯಾರು?"

ಮೇಜಿನ ತುದಿಯಲ್ಲಿ ಬೆಸುಗೆ ಕಡ್ಡಿ ಕಾಯುತ್ತಿತ್ತು. ಅವನು ನಗುವಾಗ ಕಣ್ಣು ಮುಚ್ಚುತ್ತಾನೆ.

ಕಡ್ಡಿ ಎತ್ತಿ ಅವನ ಬೆರಳಗಂಟಿಗೆ ಒತ್ತಿದೆ.

ಚಾಕು ಬಿತ್ತು. ಫೈಲು ನನ್ನ ಕಂಕುಳಲ್ಲಿ. ಓಡಿದೆ.

ಐವತ್ತೆರಡರ ವಯಸ್ಸು, ಸೀರೆ, ಮಂಗೋರ್ ಹಿಲ್‌ನ ಮೆಟ್ಟಿಲು... ಹಿಂದೆ ಬಾಳುವಿನ ಸ್ಕೂಟರ್ ಕೂಗುತ್ತಿತ್ತು. ಮೆಟ್ಟಿಲಿಗೆ ಬಂದು ನಿಂತಿತು. ಅವನು ಕೆಳಗೇ ನಿಂತು ಫೋನು ತೆಗೆದ.

ಸಾವಂತ್ರೆವ್ವನ ಬಾಗಿಲಿಗೆ ಮುಟ್ಟಿ ತಿರುಗಿ ನೋಡಿದೆ. ಪೊಲೀಸ್ ಜೀಪು ಕೆಳಗಿನ ತಿರುವಿನಲ್ಲಿತ್ತು. ಬಸ್ ನಿಲ್ದಾಣಕ್ಕೆ ಇರುವುದು ಅದೊಂದೇ ದಾರಿ.

ಸಾವಂತ್ರೆವ್ವ ಭರಮಪ್ಪನ ಹೆಂಡತಿ. ಖಾನಾವಳಿಗೆ ರೊಟ್ಟಿ ಬಡಿಯುತ್ತಾಳೆ. ಕಟ್ಟಿಗೆಯ ಒಲೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಭರಮಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದ.

"ಅಕ್ಕಾ, ಪಣಜಿ ಬಸ್ ಎಷ್ಟ ಗಂಟಿಗಿ?"

"ಬಸ್ ಇಲ್ಲ ತಮ್ಮಾ."

ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಸಾವಂತ್ರೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

"ನೀವು ಹೇಳಿದ್ರಿ ಅಂತ ಹಚ್ಚಿದ್ವಿ," ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಭರಮಪ್ಪ ಫೈಲು ಬಿಚ್ಚಿದ. ಒಂದೊಂದೇ ಹಾಳೆ ತೆಗೆದು, ಫೋಟೊ ನೋಡಿ, ಹೆಸರು ಹೇಳಿ ಒಲೆಗೆ ಹಾಕಿದ.

"ಗಂಗಪ್ಪ... ಇಂವಾ ಅತ್ತಿದ್ದ ಅಕ್ಕಾ, ಹೆಬ್ಬೆಟ್ಟು ಒತ್ತುವಾಗ. ಸರಕಾರ ನಮ್ಮನ್ನೂ ಕೇಳತೈತಿ ಅಂತ."

"ಲಗೂ ಮಾಡೋ."

"ಮುತ್ತು..."

ಮೆಟ್ಟಿಲಲ್ಲಿ ಬೂಟಿನ ಸದ್ದು. ನಲವತ್ತೆರಡು ಹಾಳೆ ಬೂದಿಯಾಯಿತು. ಕೊನೆಯದನ್ನು ಅವನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಅದನ್ನೂ ಹಾಕು."

"ಇದು ನಂದು. ಒಂದಾರ ಸರಕಾರಕ್ಕ ಮುಟ್ಟಲಿ."

ಬಾಗಿಲಲ್ಲಿ ಇನ್ಸ್‌ಪೆಕ್ಟರ್. ಫೈಲು ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಭರಮಪ್ಪ ಎದ್ದ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಅವನ ಮುರುಕು ಹಿಂದಿಯ ಅರ್ಥ ಇಷ್ಟು: ಸಾಹೇಬರೇ, ಅರ್ಜಿ ಇದೆ. ತೆಗೆದುಕೊಂಡು, ಮುಟ್ಟಿತು ಅಂತ ಸಿಕ್ಕಾ ಹೊಡೆದು ಕೊಡಿ.

ಅವರು ಎರಡು ಸಲ ಓದಿದರು. ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಸಿಕ್ಕಾ ಠಾಣೆಯಲ್ಲಿದೆ," ಅಂದರು. ಮೆಲ್ಲಗೇ ಅಂದರು. "ನಡಿ."

ಭರಮಪ್ಪನ ಟ್ರಂಕಿನಲ್ಲಿ ಎರಡು ಪೆನ್ನು, ಐದು ಬಾಟಲಿ ಸಿಕ್ಕವು. ಅರ್ಜಿಯಲ್ಲಿ ಬರೆದಷ್ಟೇ. ಒಂದೂ ಸುಳ್ಳಿರಲಿಲ್ಲ.

ಲೆಕ್ಕ ಇಷ್ಟು. ನಲವತ್ತೆರಡು ಮಂದಿ ಉಳಿದರು. ಭರಮಪ್ಪನ ಗೇಟ್ ಪಾಸ್ ಹೋಯಿತು. ಬಾಳು ವಾರ ಬಿಟ್ಟು ಅಂಗಡಿ ತೆರೆದ, ಪೆನ್ನಿಗೆ ಈಗ ಎರಡೂವರೆ ಸಾವಿರ. ಪಣಜಿಯ ಸಭೆಯಲ್ಲಿ, ವಾಸ್ಕೋದಿಂದ ಯಾರದೂ ಆಕ್ಷೇಪಣೆ ಇಲ್ಲ ಅಂತ ಬರೆದುಕೊಂಡರಂತೆ.

ಜಾಮೀನು ಸಿಕ್ಕ ದಿನ ಅವನನ್ನು ಕರೆತರಲು ಹೋದೆ. ಅದೇ ಬಿಳಿ ಅಂಗಿ, ಮಾಸಿತ್ತು. ರಸ್ತೆ ದಾಟಿ ಗೂಡಂಗಡಿಯ ಮುಂದೆ ನಿಂತ. ನಾನು ಅವನ ತೋಳು ಹಿಡಿದೆ.

"ಬಿಡ್ರಿ ಅಕ್ಕಾ," ಅಂದ.

ಬಿಟ್ಟೆ.

ಮೂವತ್ತು ರೂಪಾಯಿ ಕೊಟ್ಟ, ಬೀಡಿ ಕಟ್ಟು ಸಿಕ್ಕಿತು. ಅಂಗಡಿಯವನು ಆಧಾರ್ ಝೆರಾಕ್ಸ್ ಕೇಳಲಿಲ್ಲ.