ಕರಡಿಯ ಕಾಲಿಗೆ ಬಿದ್ದ ಉರುಳು

"ಬದುಕಿದ್ರೆ ಬಿಡಿಸೋಣ. ಸತ್ತಿದ್ರೆ ಮರಿನಾದ್ರೂ ತರೋಣ. ಬರಿಗೈಲಿ ಮಾತ್ರ ಇಳಿಯೋದು ಬೇಡ," ಎಂದಳು ಪುನಿ, ಬೆನ್ನಿಗೆ ಚೀಲ ಏರಿಸುತ್ತ. ಮಾತು ಪಶುವೈದ್ಯೆ ಶಿಯೆಗೆ ಹೇಳಿದ್ದು. ಕಣ್ಣು ಮಾತ್ರ ಅಣ್ಣ ತಿಯಾಂಗ್‌ನನ್ನು ಸುಡುತ್ತಿತ್ತು.

ಸುಡದೆ ಏನು ಮಾಡೀತು? ಪುನಿ ಅರಣ್ಯ ಕಾವಲಿನವಳು. ತೈವಾನಿನ ಈ ನಡುಬೆಟ್ಟದ ಬುನುನ್ ಬುಡಕಟ್ಟಿನ ಹಳ್ಳಿಗಳನ್ನೆಲ್ಲ ಸುತ್ತಿ, ಉರುಳು ಹಾಕಬೇಡಿ ಎಂದು ಗಂಟಲು ಹರಿದುಕೊಂಡವಳು. ದೀಪದ ಬುಡದಲ್ಲೇ ಕತ್ತಲೆ! ಸ್ವಂತ ಅಣ್ಣನೇ ಮೇಲಿನ ಓಕ್ ಕಾಡಿನಲ್ಲಿ ಉಕ್ಕಿನ ತಂತಿಯ ಉರುಳು ಇಟ್ಟಿದ್ದ. ಕಾಡುಕುರಿಗೆಂದು ಇಟ್ಟದ್ದಕ್ಕೆ ಮರಿ ಕಟ್ಟಿಕೊಂಡ ಹೆಣ್ಣು ಕರಡಿ ಸಿಕ್ಕಿಬಿದ್ದಿತ್ತು.

ಅಷ್ಟೇ ಆಗಿದ್ದರೆ ಪುನಿ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಉರುಳು ನೋಡಿಬರಲು ತಿಯಾಂಗ್ ಹೊರಟಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ಸೀನಿದ್ದರು. ಸೀನು ಕೇಳಿದ ಬೇಟೆಗಾರ ಹೊಸಿಲು ದಾಟುವುದಿಲ್ಲ. ಇವನೂ ದಾಟಲಿಲ್ಲ. ಕೊನೆಗೊಂದು ದಿನ ಹೋಗಿ ನೋಡಿದರೆ ಕರಡಿ! ನವಣೆ ಹೊಲದಲ್ಲಿರುವಾಗ ಕರಡಿಯ ರಕ್ತ ಹರಿಸಿದವನು ಕೊಯ್ಲು ಮುಗಿಯುವ ತನಕ ಊರು ಮೆಟ್ಟಬಾರದು, ಮೆಟ್ಟಿದರೆ ಪೈರು ಸುಟ್ಟುಹೋಗುತ್ತದೆ ಎಂಬುದು ಹಿರಿಯರ ಕಟ್ಟಳೆ. ಹೆದರಿ ಓಡಿ ಬಂದವನು ಬಾಯಿಗೆ ಬೀಗ ಹಾಕಿಕೊಂಡ. ಕರಡಿ ತಾನಾಗಿ ಸತ್ತರೆ ತನ್ನ ಕೈಗೆ ರಕ್ತ ಅಂಟುವುದಿಲ್ಲವೆಂಬ ಲೆಕ್ಕಾಚಾರ! ನಿನ್ನೆ ಊಟಕ್ಕೆ ಕುಳಿತಾಗ ತಂಗಿಯ ಮುಂದೆ ಬಾಯಿಬಿಟ್ಟ. ಫೋನು ಮಾಡಿದ ಕೂಡಲೇ ಶಿಯೆ ಬಯಲಿನಿಂದ ಹೊರಟು ಬಂದಳು. ಮಂಜಿನಲ್ಲಿ ಹೆಲಿಕಾಪ್ಟರ್ ಹಾರದು, ನಡೆದೇ ಹೋಗಬೇಕು.

ಬಾಗಿಲಲ್ಲಿ ಸೋದರಮಾವ ಹುಸುಂಗ್ ನವಣೆ ಹೆಂಡದಲ್ಲಿ ಬೆರಳದ್ದಿ ನೆಲಕ್ಕೆ ಚಿಮುಕಿಸುತ್ತಿದ್ದ. ಅಷ್ಟರಲ್ಲಿ ಶಿಯೆ ಮೂಗು ಅರಳಿಸಿ ಜೋರಾಗಿ ಸೀನಿದಳು.

ತಿಯಾಂಗ್ ಚೀಲ ಕೆಳಗಿಟ್ಟ. "ಇವತ್ತು ಆಗಲ್ಲ ಬಿಡು."

"ಏನ್ ಆಗಲ್ಲ?"

"ಸೀನು ಬಿತ್ತಲ್ಲ."

"ನಿನ್ನ ಸೀನಿಗಷ್ಟು ಬೆಂಕಿ ಹಾಕ! ನೀನು ಸೀನು ಎಣಿಸ್ಕೊಂಡು ಕೂತಿದ್ದಕ್ಕೇ ಅಲ್ಲಿ ಅದರ ಕಾಲು ಕೊಳೀತಿರೋದು!"

"ನೆಗಡಿ ಆಗಿದೆ ಕಣ್ರೀ, ಅಷ್ಟೇ," ಎಂದಳು ಶಿಯೆ ನಾಚಿಕೊಂಡು.

ಹುಸುಂಗ್ ಬಟ್ಟಲು ಕೆಳಗಿಟ್ಟ. "ಲೋ, ಸೀನು ಕೊಲ್ಲೋಕೆ ಹೊರಟವನನ್ನ ತಡೀತದೆ. ಬಿಡಿಸೋಕೆ ಹೊರಟವರ ಮೂಗಿನ ಉಸಾಬರಿ ಅದಕ್ಯಾಕೋ? ಎತ್ತು ಚೀಲ."

ತಿಯಾಂಗ್ ಚೀಲ ಎತ್ತಿದ.

ಹಿಂದೆ ಊರು ದಾಟಿದ ಕೂಡಲೇ ಕಾಡು ಶುರುವಾಗುತ್ತಿತ್ತು. ಈಗ ಶುರುವಾಗುವುದು ಎಲೆಕೋಸು. ಬೆಟ್ಟದ ಹೆಗಲಿನ ತನಕ ಪ್ಲಾಸ್ಟಿಕ್ ಹಾಳೆ ಹೊದ್ದ ಮಡಿಗಳು, ನಡುವೆ ಕೀಟನಾಶಕದ ಖಾಲಿ ಡಬ್ಬಿಗಳು, ಮೂಗಿಗೆ ಅಡರುವ ಘಾಟು. ಓಕ್ ಮರ ಕಡಿದು ಬೆಳೆದ ಈ ಕೋಸನ್ನು ಬೆಲೆ ಬಿದ್ದ ವರ್ಷ ಕೀಳದೆ ಅಲ್ಲೇ ಉತ್ತು ಹಾಕುತ್ತಾರೆ. ಯಾವ ಹೊಟ್ಟೆಗೂ ಬೀಳದ ಕೋಸಿಗಾಗಿ ಎಷ್ಟೋ ಹೊಟ್ಟೆ ತುಂಬಿಸುತ್ತಿದ್ದ ಮರಗಳು ಹೋದವು. ಅದನ್ನೂ ದಾಟಿ ಮೇಲೇರಿದರೆ ಬಂದೂಕು ತಪ್ಪಿಸಿಕೊಂಡ ಪ್ರಾಣಿಗಳಿಗಾಗಿ ತಂತಿ ಕಾದಿರುತ್ತದೆ. ವಾರದ ಕೊನೆಗೆ ಕಾರು ಹತ್ತಿ ಬರುವ ಬಯಲಿನವರಿಗೆ ಹೋಟೆಲಿನಲ್ಲಿ ಕಾಡಿನ ಮಾಂಸವೇ ಬೇಕು. ಊರಿನ ಸಲಿಝಾನ್ ಅದನ್ನು ಹೊಂದಿಸಿ ಕೊಡುತ್ತಾನೆ. ತಿಯಾಂಗ್‌ನಂಥವರು ಅವನ ಬಾಲ ಹಿಡಿಯುತ್ತಾರೆ.

"ಒಂದು ಕರಡಿ ಹೋದ್ರೆ ಬೆಟ್ಟ ಬಿದ್ದೋಗುತ್ತಾ? ಯಾಕೆ ಹಿಂಗೆ ಉರಿದು ಬೀಳ್ತೀಯ?" ಎಂದ ತಿಯಾಂಗ್.

"ಅಜ್ಜನ ಮನೆ ಗೋಡೇಲಿ ಮೋಡಚಿರತೆ ಚರ್ಮ ನೇತಾಡ್ತಿತ್ತಲ್ಲ, ಅದನ್ನ ತಂದಾಗ ಅವನೂ ಇದೇ ಮಾತು ಆಡಿರ್ತಾನೆ. ಆಮೇಲೆ ಯಾರಾದ್ರೂ ಒಂದನ್ನ ಕಂಡ್ರಾ? ಕೊನೆಗೆ ಆ ಚರ್ಮಕ್ಕೂ ಹುಳ ಹಿಡೀತು."

"ಕರಡಿ ಹಣ್ಣು ತಿಂದು ನಡೆದಲ್ಲೆಲ್ಲ ಬೀಜ ಬೀಳುತ್ತೆ ತಿಯಾಂಗ್. ಮರ ನಿಂತರೆ ಮಣ್ಣು ನಿಲ್ಲುತ್ತೆ," ಎಂದಳು ಶಿಯೆ, ಏದುಸಿರಿನ ನಡುವೆ.

ತಿರುವು ದಾಟಿದರು. ಮುಂದೆ ದಾರಿಯೇ ಇರಲಿಲ್ಲ.

ಕೋಸಿನ ಮಡಿಗಳ ಕೆಳಗೆ ಇಡೀ ಇಳಿಜಾರು ಜರಿದು ಹೊಳೆಗೆ ಬಿದ್ದಿತ್ತು.

"ಬೆಟ್ಟ ಬಿದ್ದೋಗುತ್ತಾ ಅಂದ್ಯಲ್ಲ, ನೋಡ್ಕೋ!" ಎಂದಳು ಪುನಿ.

ತಿಯಾಂಗ್ ಹಗ್ಗವನ್ನು ಬೇರಿಗೆ ಬಿಗಿದ, ಸೊಂಟಕ್ಕೆ ಸುತ್ತಿಕೊಂಡ, ಸಡಿಲ ಕಲ್ಲುಗಳ ಮೇಲೆ ಏಡಿಯ ಹಾಗೆ ಅಡ್ಡಡ್ಡ ಸರಿದು ಆಚೆ ದಾಟಿದ. ಹಗ್ಗ ಹಿಡಿದು ಪುನಿ ದಾಟಿದಳು. ಶಿಯೆ ನಡುವೆ ಬಂದಳು.

ಕಲ್ಲು ಕಳಚಿತು.

ಶಿಯೆ ಜಾರಿದಳು. ಔಷಧಿ ಚೀಲ ಭುಜದಿಂದ ಕಳಚಿ ಮೊಣಕೈಗೆ ಸಿಕ್ಕಿಕೊಂಡಿತು.

"ಚೀಲ ಬಿಡಿ ಡಾಕ್ಟ್ರೇ, ಹಗ್ಗ ಹಿಡೀರಿ!" ಎಂದು ಕೂಗಿದ ತಿಯಾಂಗ್.

"ಚೀಲ ಬಿಟ್ರೆ ಬಂದು ಏನು ಪ್ರಯೋಜನ?" ಎಂದು ಕೆಳಗಿನಿಂದಲೇ ಕಿರುಚಿದಳು.

ತಿಯಾಂಗ್ ಹಿಮ್ಮಡಿ ಊರಿ ಎಳೆದ. ಪುನಿಯೂ ಕೈ ಹಚ್ಚಿದಳು. ಶಿಯೆ ಮೇಲೆ ಬಂದಾಗ ಮೂವರ ಅಂಗೈಯೂ ಸುಲಿದಿತ್ತು. ಔಷಧಿ ಸೀಸೆಗಳು ಒಡೆದಿರಲಿಲ್ಲ.

ಓಕ್ ಕಾಡಿನ ಒಳಗೆ ಮಂಜು ಕವಿದಿತ್ತು. ಹಾವಸೆ ಹೊದ್ದ ಕಾಂಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಜ್ಜೆಯಿಟ್ಟರೆ ತರಗೆಲೆ ಪಾದವನ್ನು ನುಂಗುತ್ತಿತ್ತು. ಇಂಥ ಕಾಡಿನಲ್ಲಿ ಹಕ್ಕಿಗಳ ಗದ್ದಲಕ್ಕೆ ಮಾತು ಕೇಳಿಸಬಾರದು, ಆದರೆ ಅವರ ಉಸಿರು ಅವರಿಗೇ ಕೇಳುತ್ತಿತ್ತು. ಮೊದಲ ಉರುಳಿನಲ್ಲಿ ಕಾಡುಕೋಳಿಯ ಮೂಳೆ ಮತ್ತು ನೀಲಿ ಪುಕ್ಕ. ಅದರಾಚೆಯದರಲ್ಲಿ ಮರಿ ಕಾಡುಕುರಿ, ಅರ್ಧ ಹುಳುಗಳ ಪಾಲು. ಯಾರೂ ತಿನ್ನದ, ಯಾರ ಹಸಿವನ್ನೂ ನೀಗದ ಸಾವುಗಳು. ಪುನಿಗೆ ಅಳು ಬರಲಿಲ್ಲ, ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಆಗ ಮರದ ತುದಿಯಿಂದ ಮರಿಯ ಕೀರಲು ಕೇಳಿಸಿತು.

ಕರಡಿ ಬದುಕಿತ್ತು. ತಂತಿಯ ಉದ್ದಕ್ಕೆ ತಕ್ಕಂತೆ ಸುತ್ತಿ ಸುತ್ತಿ ನೆಲವನ್ನು ಉತ್ತು ಹಾಕಿತ್ತು. ಕೈಗೆಟುಕಿದ ಮರದ ತೊಗಟೆಯೆಲ್ಲ ಕಿತ್ತಿತ್ತು. ಎದೆಯ ಬಿಳಿ ಅರ್ಧಚಂದ್ರ ಕೆಸರಾಗಿತ್ತು. ಮುಂಗಾಲು ಊದಿ ತಂತಿಯೇ ಕಾಣದಷ್ಟು ಒಳಗೆ ಹೂತಿತ್ತು.

"ಹಿಂಬದಿಗೆ ಚುಚ್ಚಬೇಕು. ಅದು ಈ ಕಡೆ ತಿರುಗಬಾರದು," ಎಂದು ಪಿಸುಗುಟ್ಟಿದಳು ಶಿಯೆ, ಊದುಗೊಳವೆಗೆ ಮಂಪರು ಮದ್ದಿನ ಸೂಜಿ ತುರುಕುತ್ತ.

"ನಾನು ತಿರುಗಿಸ್ಕೋತೀನಿ," ಎಂದ ತಿಯಾಂಗ್.

"ಅಣ್ಣ, ತಂತಿ ಸವೆದಿದೆ."

"ಕಾಣಿಸ್ತಿದೆ."

ಅವನು ಮಳೆಯಂಗಿ ಬಿಚ್ಚಿ ಬೀಸುತ್ತ, "ಏಯ್! ಇಲ್ಲಿ ನೋಡು, ನಾನೇ ಕಣೇ ಇಟ್ಟಿದ್ದು!" ಎಂದು ಕೂಗುತ್ತ ಎದುರಿಗೆ ಓಡಿದ.

ಕರಡಿ ಎದ್ದು ನಿಂತಿತು. ನುಗ್ಗಿತು.

ತಂತಿ ಟಣ್ಣೆಂದು ಹರಿಯಿತು.

ಪಂಜ ತಿಯಾಂಗ್‌ನ ಭುಜ ಸೀಳಿತು. ಅವನು ಉರುಳಿದ. ಅದೇ ಗಳಿಗೆಗೆ ಶಿಯೆ ಉಸಿರು ಬಿಗಿದು ಊದಿದಳು. ಸೂಜಿ ತೊಡೆಗೆ ನಾಟಿತು. ಪುನಿ ಅಣ್ಣನ ಕಾಲು ಹಿಡಿದು ಬಂಡೆಯ ಹಿಂದಕ್ಕೆ ದರದರ ಎಳೆದಳು. ಕರಡಿ ಬಂಡೆಯ ತನಕ ಬಂತು. ಉಸಿರಿನ ಬಿಸಿ ಅವಳ ಮುಖಕ್ಕೆ ಬಡಿಯಿತು. ಅಷ್ಟರಲ್ಲಿ ಅದರ ಹಿಂಗಾಲು ಮಡಿಚಿಕೊಂಡಿತು. ಅದು ಮೆಲ್ಲಗೆ ಕುಳಿತಿತು, ಮಲಗಿತು.

ಶಿಯೆ ಕಾಲಲ್ಲಿ ಹೂತು ಉಳಿದಿದ್ದ ತಂತಿ ಕತ್ತರಿಸಿದಳು. ಕಪ್ಪಾದ ಎರಡು ಬೆರಳುಗಳನ್ನು ತೆಗೆಯಲೇಬೇಕಾಯಿತು, ಪಾದ ಉಳಿಯಿತು. ಬಳಿಕ ಇನ್ನೊಂದು ಮುಂಗಾಲನ್ನು ಎತ್ತಿ ತೋರಿಸಿದಳು. ಅಲ್ಲಿಯೂ ಬೆರಳುಗಳಿರಲಿಲ್ಲ. ಹಳೆಯ ಗಾಯ ಮಾಸಿ ನುಣುಪಾಗಿತ್ತು.

"ಅದು ನಂದಲ್ಲ," ಎಂದ ತಿಯಾಂಗ್.

"ನಿಂದಲ್ಲದಿದ್ರೆ ಸಲಿಝಾನಂದು. ಅವನದ್ದೂ ಅಲ್ಲದಿದ್ರೆ ಇನ್ನೊಬ್ಬಂದು. ಅದಕ್ಕೆ ಯಾರ ಉರುಳಾದ್ರೇನೋ? ಕಾಲು ಅದರದ್ದು!" ಎಂದಳು ಪುನಿ.

ತಿಯಾಂಗ್ ಆ ಬೋಳು ಪಾದವನ್ನು ಹಿಡಿದುಕೊಂಡು ಬಿಕ್ಕಿದ. ಪುನಿ ಅವನನ್ನು ಸಮಾಧಾನ ಮಾಡಲಿಲ್ಲ. ಭುಜಕ್ಕೆ ಬಟ್ಟೆ ಮಾತ್ರ ಬಿಗಿಯಾಗಿ ಕಟ್ಟಿದಳು.

ದೂರದಿಂದ ಕಾದು ನೋಡಿದರು. ಕರಡಿ ತಲೆ ಎತ್ತಿತು, ತೂರಾಡಿತು, ಗಂಟಲಲ್ಲೇ ಕರೆಯಿತು. ಮರಿ ಸರಸರ ಇಳಿದು ಬಂತು. ಕುಂಟುತ್ತ ಹೋದ ತಾಯಿಯ ಹಿಂದೆ ಮರಿಯೂ ಮಂಜಿನಲ್ಲಿ ಮರೆಯಾಯಿತು.

ಮಾರನೆಯ ದಿನ ಊರ ತೂಗುಸೇತುವೆಯ ಬಳಿ ತಿಯಾಂಗ್ ನಿಂತುಬಿಟ್ಟ.

"ನಾನು ದಾಟಲ್ಲ. ರಕ್ತ ಹರಿದಿದೆ."

"ಸತ್ತಿಲ್ವಲ್ಲೋ!"

"ಎರಡು ಬೆರಳು ಸತ್ತಿದೆಯಲ್ಲ."

ಪುನಿ ಅವನ ಮುಖ ನೋಡಿದಳು. ಸೀನಿಗೆ ಹೆದರಿ ಕುಳಿತ ಅಣ್ಣ ಇವನಲ್ಲ. ಈ ಕಟ್ಟಳೆಯನ್ನು ಮೂಢನಂಬಿಕೆ ಎಂದು ನಗುತ್ತಿದ್ದವಳಿಗೆ ಈಗ ಅನ್ನಿಸಿತು, ಇಷ್ಟು ಕಾಲ ಕರಡಿಗಳನ್ನು ಉಳಿಸಿದ್ದೂ ಅದೇ. ತಂತಿ ಕತ್ತರಿಯನ್ನು ಅವನ ಕೈಗೆ ತುರುಕಿದಳು.

"ಕೊಯ್ಲು ಮುಗಿಯೋ ತನಕ ಕಾಡಿನ ಬೇಟೆ ಗುಡಿಸಲಲ್ಲಿ ಸುಮ್ನೆ ಬಿದ್ದಿರಬೇಡ. ಊಟ ನಾನು ತಂದುಕೊಡ್ತೀನಿ."

ನವಣೆ ಕೊಯ್ಲು ಮುಗಿದ ದಿನ ತಿಯಾಂಗ್ ಸೇತುವೆ ದಾಟಿ ಬಂದ. ಬೆನ್ನ ಮೇಲೆ ಬೇಟೆಯಿರಲಿಲ್ಲ, ತುಕ್ಕು ಹಿಡಿದ ತಂತಿಯ ದೊಡ್ಡ ಹೊರೆಯಿತ್ತು. ಅಂಗಳದಲ್ಲಿ ಗಂಡಸರು ವೃತ್ತವಾಗಿ ಕುಕ್ಕರುಗಾಲಿನಲ್ಲಿ ಕುಳಿತು ಸರದಿಯಂತೆ ತಮ್ಮ ಪರಾಕ್ರಮ ಸಾರುತ್ತಿದ್ದರು. ಒಬ್ಬ ಕೂಗಿದ್ದನ್ನು ಉಳಿದವರು ಅಕ್ಷರ ಬಿಡದೆ ಮರಳಿ ಕೂಗಲೇಬೇಕು. ಬಾಯಿ ಮುಚ್ಚಿ ಕುಳಿತವನು ಗಂಡಸೇ ಅಲ್ಲ.

ತಿಯಾಂಗ್ ಕುಳಿತ. ತಂತಿಯ ಹೊರೆಯನ್ನು ನಡುವೆ ಕೆಡವಿದ.

"ಕರಡಿಯ ಬೆರಳು ತಿಂದವನು ನಾನು!"

ವೃತ್ತ ತಡವರಿಸಿ ಕೂಗಿತು.

"ನನ್ನ ಉರುಳು ನಾನೇ ಕಿತ್ತೆ!"

ಕೂಗಿದರು.

"ಸಲಿಝಾನನ ಉರುಳೂ ಕಿತ್ತೆ!"

ಅಂಗಳ ಗಪ್ಪಾಯಿತು. ಸಲಿಝಾನ್‌ನ ಮುಖ ಕಪ್ಪಿಟ್ಟಿತು. ಮಾವ ಹುಸುಂಗ್ ಒಬ್ಬನೇ, ಹಲ್ಲಿಲ್ಲದ ಬಾಯಿ ತೆರೆದು ಮರಳಿ ಕೂಗಿದ. ಪಕ್ಕದವನು ಕೂಗಿದ. ಕೂಗು ವೃತ್ತವನ್ನು ಸುತ್ತಿಕೊಂಡು ಸಲಿಝಾನ್‌ನ ಬಳಿ ಬಂದು ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಅವನು ನೆಲ ನೋಡುತ್ತ, "ಸಲಿಝಾನನ ಉರುಳೂ ಕಿತ್ತೆ," ಎಂದ.

"ಕೇಳಿಸ್ಲಿಲ್ಲ!" ಎಂದಳು ಹಿಂದೆ ನಿಂತಿದ್ದ ಪುನಿ.

ಅವನು ಇನ್ನೊಮ್ಮೆ ಕೂಗಿದ, ಗಟ್ಟಿಯಾಗಿ.

ಕೊನೆಗೆ ವಾಡಿಕೆಯಂತೆ ತಿಯಾಂಗ್ ತಾಯಿಯ ಕುಲದ ಹೆಸರು ಸಾರಿದ. ಪುನಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಅದು ಅವಳ ತಾಯಿಯ ಹೆಸರೂ ಆಗಿತ್ತು, ಗಂಡಸರಿಗಿಂತ ಮೊದಲು ಅವಳೇ ಕೂಗಿದಳು.